ಗೇಟಿನ ಚಲುವಯ್ಯ ಮಗಳಿಗೆ ಕಲಿಸಿದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಬಸ್ಸಿನ ರಸ್ತೆ, ಊರು ಇನ್ನೂ ಒಂದಿಷ್ಟು ದೂರ ಇರುವಾಗಲೇ ರೈಲುಹಳಿಯನ್ನು ದಾಟುತ್ತದೆ. ಅಲ್ಲಿ ಚಲುವಯ್ಯ ಗೇಟು ಹಾಕುತ್ತಿದ್ದಾರೆ. ಮೈಮೇಲೆ ಇಲಾಖೆ ಕೊಟ್ಟ ದೊಗಳೆ ಕೋಟು, ಕಿವಿ ಮುಚ್ಚುವಂತೆ ಸುತ್ತಿದ ಹಳೆಯ ಟವೆಲು, ಕಾಲಿಗೆ ಏನೂ ಇಲ್ಲ. ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಬಂದು ಗೇಟಿನ ಮುಂದೆ ನಿಲ್ಲುತ್ತದೆ. ಗಾಡಿ ಹೊಡೆಯುವ ಮಂಚಯ್ಯ ಕೂತಲ್ಲಿಂದಲೇ ಗೋಗರೆಯುತ್ತಾನೆ.

"ಬುಡಯ್ಯ ಚಲುವಯ್ಯ, ಇನ್ನೂ ರೈಲಿನ ವಗೆನೂ ಕಾಣಾಕಿಲ್ಲ. ಒಂದ್ ಗಳಿಗೇಲಿ ದಾಟ್ಬುಡ್ತೀನಿ."

"ಸುಮ್ಕೆ ನಿಂತ್ಕಳಯ್ಯ. ನಿನ್ನ ಎತ್ತು ನೋಡು, ಎಂಗೆ ನಿಂತವೆ. ಅವುಕ್ಕಿರೋ ಗ್ಯಾನ ನಿಂಗಿಲ್ವಲ್ಲ!"

ಮಂಚಯ್ಯ ನಗುತ್ತಾನೆ, ಬೀಡಿ ಹಚ್ಚುತ್ತಾನೆ. ಮೈಸೂರು ಕಡೆಯ ರೈಲು ತಿರುವಿನಲ್ಲಿ ಕೂಗುತ್ತದೆ. ಚಲುವಯ್ಯ ಕಂಕುಳಲ್ಲಿದ್ದ ಎರಡು ಬಾವುಟಗಳಲ್ಲಿ ಹಸಿರನ್ನು ಬಿಚ್ಚಿ ಹಿಡಿದು ನೆಟ್ಟಗೆ ನಿಲ್ಲುತ್ತಾರೆ. ಇಂಜಿನ್ನು ಹಬೆ ಬಿಡುತ್ತಾ ನಮ್ಮ ಮುಂದೆಯೇ ಹಾದು ಹೋಗುತ್ತದೆ, ನೆಲ ನಡುಗುತ್ತದೆ. ಕೊನೆಯ ಡಬ್ಬಿ ದಾಟುತ್ತಲೇ ಚಲುವಯ್ಯ ಹಿಂದಕ್ಕೆ ತಿರುಗಿ ತಮ್ಮ ಮನೆಯ ಹೊಸ್ತಿಲು ನೋಡುತ್ತಾರೆ. ಹೊಸ್ತಿಲ ಮೇಲೆ ಯಾರೂ ಇಲ್ಲ. ಆಮೇಲೆ ಬಂದು ಗೇಟು ತೆಗೆಯುತ್ತಾರೆ.

"ಯಾರನ್ನ ನೋಡಿದ್ರಿ ಚಲುವಯ್ಯ?" ಎನ್ನುತ್ತೇನೆ ನಾನು.

"ಯಾರ್ನೂ ಇಲ್ಲ ಸಾ. ಅಬ್ಯಾಸ."

ಸುತ್ತಿಟ್ಟ ಕೆಂಪು ಬಾವುಟದ ಒಂದು ಮೂಲೆಗೆ ಕರಿ ದಾರದಲ್ಲಿ ಹೊಲಿದ ತೇಪೆ ಕಾಣುತ್ತದೆ. ಬಾವುಟಕ್ಕಿಂತ ತೇಪೆಯ ಬಣ್ಣ ಹೆಚ್ಚು ಮಾಸಿದೆ, ಅಂಚು ಜೊಲ್ಲು ಹತ್ತಿ ಗಟ್ಟಿಯಾಗಿದೆ. ಏನದು ಎಂದು ಕೇಳಿದರೆ ಅವರು ಅದನ್ನು ಹೆಬ್ಬೆರಳಲ್ಲಿ ಸವರುತ್ತಾರೆ. "ಅದಾ? ಅದು ಮಾಯಿದು ಸಾ" ಎನ್ನುತ್ತಾರೆ.

ಮಾಯಿಯ ವಿಷಯ ನನಗೆ ಮೊದಲೇ ಗೊತ್ತು. ಗೊತ್ತಿದ್ದರಿಂದಲೇ, ಪೇಪರಿಗೆ ಬರೆಯೋಣ ಎಂದು ಈ ಚಳಿಯಲ್ಲಿ ಎದ್ದು ಬಂದಿದ್ದೇನೆ. ಅದನ್ನು ಹೇಳಬೇಕಾದರೆ ಹೋದ ಕಾರ್ತಿಕಕ್ಕೆ ಹೋಗಬೇಕು.

ಚೀನಾದವರು ಗಡಿ ದಾಟಿ ಬಂದಿದ್ದ ದಿನಗಳು ಅವು. ನಾನು ಹಾಸನದಿಂದ ಬರುತ್ತಿದ್ದ ಬಸ್ಸು ಇದೇ ಗೇಟಿನಲ್ಲಿ ನಿಂತಿತ್ತು. ಬಸ್ಸಿನ ತುಂಬ ಯುದ್ಧದ್ದೇ ಮಾತು. ಚನ್ನರಾಯಪಟ್ಟಣದ ವ್ಯಾಪಾರಿ ಈಶ್ವರಯ್ಯನವರು ಮುಂದಿನ ಸೀಟಿನಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ನಾವೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಆಗ ಕಿಟಕಿಯ ಕೆಳಗೆ ಟವೆಲು ಸುತ್ತಿದ ಮುಖವೊಂದು ಎದ್ದಿತು. ಕಣ್ಣು ಹೊಳೆಯುತ್ತಿದ್ದವು.

"ಸ್ವಾಮೀ, ಇವತ್ತು ತೋರ್ಸ್‌ಬುಟ್ಲು ಸ್ವಾಮಿ! ತಾನಾಗೇ ತೋರ್ಸ್‌ಬುಟ್ಲು!"

ಈಶ್ವರಯ್ಯನವರು ಗಾಬರಿಯಾಗಿ ಪೇಪರು ಮಡಿಸಿದರು. "ಯಾರಯ್ಯಾ? ಏನು ತೋರಿಸಿದ್ರು?"

"ನಮ್ ಮಾಯಿ ಸ್ವಾಮಿ, ನನ್ ಮಗ್ಳು. ಉಚ್ಚೆ ಬತ್ತದೆ ಅಂತ ತಾನಾಗೇ ತೋರ್ಸುದ್ಲು. ಲಂಗ ಒಣಗಿದ್ದಂಗೇ ಐತೆ!"

ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ಈಶ್ವರಯ್ಯನವರು, "ಥೂ ನಿನ್ನ! ಅಲ್ಲಿ ದೇಶ ಹೋಗ್ತಾ ಇದೆ, ಇವನಿಗೆ ಮಗಳ ಉಚ್ಚೆ" ಎಂದು ಮತ್ತೆ ಪೇಪರು ಬಿಚ್ಚಿದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆ ಮನುಷ್ಯನಿಗೆ ಬೇಜಾರೇ ಆಗಲಿಲ್ಲ. ನಮ್ಮ ನಗುವನ್ನೆಲ್ಲ ಆಶೀರ್ವಾದ ಅಂದುಕೊಂಡರೋ ಏನೋ, ತಾವೂ ನಗುತ್ತಾ ಹಿಂದಿನ ಕಿಟಕಿಗೆ ಹೇಳಲು ಓಡಿದರು. ಇಷ್ಟು ಸಂತೋಷಪಟ್ಟ ತಂದೆಯನ್ನು ನಾನು ಮದುವೆ ಮನೆಯಲ್ಲೂ ಕಂಡಿಲ್ಲ.

ಚಲುವಯ್ಯನವರ ಹುಟ್ಟೂರು ದಂಡಿಗನಹಳ್ಳಿಯ ಕಡೆ, ಊರ ಹೊರಗಿನ ಕೇರಿ. ಅಪ್ಪ ಹಳಿಗೆ ಕಲ್ಲು ಹಾಕುವ ಗ್ಯಾಂಗಿನಲ್ಲಿದ್ದರು, ಮಗ ಗೇಟಿಗೆ ಬಂದರು. ಈ ಮನೆಯಲ್ಲೇ ಸಂಸಾರ ಹೂಡಿದ್ದು. ಮನೆ ಅಂದರೆ ಒಂದು ಕೋಣೆ, ಮುಂದಕ್ಕೆ ಚಾಚಿದ ಒಂದು ಹೆಂಚಿನ ಮಾಡು. ಬಾಗಿಲಿನಿಂದ ಹಳಿಗೆ ದೊಡ್ಡವರಾದರೆ ನಾಲ್ಕು ಹೆಜ್ಜೆ. ಹೆಂಡತಿ ಚಿಕ್ಕತಾಯಿ ಜ್ವರದಲ್ಲಿ ಹೋದಾಗ ಮಾಯಿ ಇನ್ನೂ ಅಂಬೆಗಾಲಿಕ್ಕುತ್ತಿದ್ದಳು. ಮಣ್ಣು ಮಾಡಿ ಬಂದ ಸಂಜೆಯೇ ಚಲುವಯ್ಯ ಗೇಟಿಗೆ ನಿಂತರು, ಬೆನ್ನಿಗೆ ಸೀರೆಯಲ್ಲಿ ಮಗುವನ್ನು ಕಟ್ಟಿಕೊಂಡು. ಆ ಸೀರೆ ಚಿಕ್ಕತಾಯಿಯದು.

ಅವರಿಗಿರುವ ಒಡಹುಟ್ಟು ಅಂದರೆ ಅಕ್ಕ ಮಾರಮ್ಮ ಒಬ್ಬಳೇ. ಕೊಟ್ಟಿರುವುದು ಅರಕಲಗೂಡಿಗೆ. ಮಾರಮ್ಮ ಹಗಲೆಲ್ಲ ಕೂಲಿಗೆ ಹೋಗಬೇಕು. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಹಾಸಿಗೆ ಬಿಟ್ಟು ಏಳಲಾರದ ಮುದುಕಿ. ತಿಥಿಗೆ ಬಂದಾಗ ಮಾರಮ್ಮ ತಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳಂತೆ. "ಲೇ ಚಲುವ, ಮುದುಕೀದು ಬಾಚಿ ಬಾಚಿ ನನ್ ಸೊಂಟ ಬಿದ್ದೋಗದೆ. ಇನ್ನೊಬ್ರುದ್ದು ನನ್ ಕೈಲಾಗಾಕಿಲ್ಲ ಕಣ್ಲಾ. ನಿನ್ ಕೂಸು ಉಚ್ಚೆ ಕಕ್ಕ ತಿಳ್ಸೋದ ಕಲೀಲಿ, ಅವತ್ತೇ ಬಂದ್ ಎತ್ಕಂಡ್ ಓಯ್ತೀನಿ. ಅಲ್ಲೀಗಂಟ ನೀನೇ ನೋಡ್ಕ."

ಮಾರಮ್ಮನ ಮೇಲೆ ಸಿಟ್ಟಾಗುವುದು ಸುಲಭ. ಹಾಸಿಗೆ ಹಿಡಿದವರನ್ನು ಒಂದು ವಾರ ನೋಡಿಕೊಂಡವರು ಸಿಟ್ಟಾಗಲಾರರು. ಚಲುವಯ್ಯನವರಿಗೂ ಸಿಟ್ಟು ಬರಲಿಲ್ಲ. ಒಳಗೊಳಗೇ ಖುಷಿಯೇ ಆಯಿತಂತೆ, ಮಗು ತನ್ನ ಹತ್ತಿರವೇ ಉಳಿಯಿತಲ್ಲ ಎಂದು.

ಉಳಿದದ್ದು ನಿಜ, ಕಲಿಸುವುದು ಹೇಗೆ? ಗಂಡಸರು ಆ ಕೆಲಸಕ್ಕೆ ಕೈಹಾಕುವುದನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ದಾರಿಹೋಕರು ನಗುತ್ತಿದ್ದರು. ನಗದೆ ಇದ್ದವರು ಬಸವಲಿಂಗಮ್ಮ ಒಬ್ಬರೇ. ಮೊಸರಿನ ಗಡಿಗೆ ಹೊತ್ತು ದಿನಾ ಹೊಳೆನರಸೀಪುರಕ್ಕೆ ಹೋಗುವ ಮುದುಕಿ. ಗೇಟಿನ ಮನೆಯ ಅಂಗಳಕ್ಕೆ ಅವರು ಬರುವವರಲ್ಲ, ಒಳಗೆ ಬನ್ನಿ ಎಂದು ಕರೆಯುವ ಧೈರ್ಯ ಚಲುವಯ್ಯನವರಿಗೂ ಇಲ್ಲ. ಕೇರಿಯವರ ಮಗುವನ್ನು ಮುಟ್ಟಿ ತೋರಿಸಲು ಆಕೆಯ ಮಡಿ ಬಿಡದು. ಹಾಗೆಂದು ನೋಡಿಕೊಂಡು ಸುಮ್ಮನಿರಲೂ ಆಗಲಿಲ್ಲ. ಗೇಟಿನ ಆಚೆ, ರಸ್ತೆಯ ಧೂಳಿನಲ್ಲೇ ಕಾಲು ನೀಡಿ ಕೂತು, ಎರಡು ಪಾದಗಳ ಮೇಲೆ ಮೊಸರಿನ ಗಡಿಗೆ ಕೂರಿಸಿಕೊಂಡು ಪಾಠ ಮಾಡಿದರು.

"ಅಯ್ಯೋ ನಿನ್ನ, ಅಂಗಲ್ಲ ಕಣಪ್ಪ! ನನ್ನ ನೋಡು. ಕಾಲು ನೀಡ್ಕಂಡ್ ಕೂತ್ಕ. ಪಾದ ಒಸಿ ಅಗಲ ಮಾಡು. ಅದ್ರ ಮ್ಯಾಲೆ ಕೂಸ್ನ ಕೂರ್ಸು, ಮಖ ನಿನ್ ಕಡೀಕಿರ್ಲಿ. ಎಲ್ಡೂ ಕೈ ಇಡ್ಕ. ಬಿದ್ದೋಯ್ತೀನಿ ಅನ್ನೋ ಭಯ ಓದ್ರೆ ತಾನಾಗೇ ಬುಡ್ತದೆ. ಆಮ್ಯಾಕೆ ಮೆಲ್ಲುಕೆ ಶ್ಶ್… ಅನ್ನು."

ಚಲುವಯ್ಯ ಈಚೆ ಕಡೆ ಹಾಗೆಯೇ ಕೂತರು, ಪಾದದ ಮೇಲೆ ಮಾಯಿ. ಆಚೆ ಮುದುಕಿ ಮೊಸರಿನ ಗಡಿಗೆಗೆ ಶ್ಶ್ ಎನ್ನುವುದು, ಈಚೆ ಇವರು ಮಗಳಿಗೆ ಶ್ಶ್ ಎನ್ನುವುದು. ನೋಡಿದವರು ಏನೆಂದುಕೊಂಡರೋ ದೇವರೇ ಬಲ್ಲ.

ಮಾಯಿ ಬೇಗ ಕಲಿತಳು. ಬೆಳಿಗ್ಗೆ ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುಂಚೆ ಅಪ್ಪನ ಪಾದದ ಮೇಲೆ ಕೂತು ಶ್ಶ್ ಅನ್ನುವ ಸದ್ದಿಗೆ ಕಾಯುತ್ತಿದ್ದಳು, ಸದ್ದು ಬಂದ ಮೇಲೆಯೇ ಬಿಡುತ್ತಿದ್ದಳು. ಎಲ್ಲ ಸರಿ. ಆದರೆ ಅವರ ಮನೆ ಇರುವುದು ಹಳಿಯ ಪಕ್ಕ. ಬಸವಲಿಂಗಮ್ಮನ ಊರಿನಲ್ಲಿ ಶ್ಶ್ ಎನ್ನುವವರು ತಾಯಂದಿರು ಮಾತ್ರ, ಇಲ್ಲಿ ಇಂಜಿನ್ನೂ ಅದನ್ನೇ ಹೇಳುತ್ತದೆ.

"ಇಂಜಿನ್ನು ಶ್ಶ್ ಅಂತ ಅಬೆ ಬುಡೋದು, ಇವ್ಳು ನಿಂತ್ ಕಡೇನೇ ಬುಟ್ಬುಡೋದು ಸಾ" ಎಂದು ಚಲುವಯ್ಯ ಹೇಳುವಾಗ ಅವರ ಮುಖದಲ್ಲಿ ನಗು ಬರುತ್ತದೆ. "ಗೂಡ್ಸ್ ಗಾಡಿ ಬಂದ್ರಂತೂ ಕೇಳ್ಬ್ಯಾಡಿ. ನಾನು ಬೈಲಿಲ್ಲ ಸಾ. ಎಂಗೆ ಬೈಯನೆ? ನಾ ಕಲ್ಸಿದ್ನ ಅವ್ಳು ಸರ್ಯಾಗೇ ಕಲ್ತವ್ಳೆ. ತೆಪ್ಪು ಇಂಜಿನ್‌ದು."

ಆ ಸದ್ದನ್ನು ಮರೆಸಲು ಬಹಳ ದಿನ ಹಿಡಿಯಿತು. ಮಗುವಿಗೆ ಮಾತು ಬರುವುದೂ ತಡವಾಗಿತ್ತು. ಬಂದಿದ್ದರೂ ರೈಲು ಹೋಗುವಾಗ ಹೊಸ್ತಿಲ ಮೇಲಿನ ಕೂಗು ಗೇಟಿಗೆ ಕೇಳಿಸುವುದಿಲ್ಲ. ಆಗ ಚಲುವಯ್ಯನವರಿಗೆ ಹೊಳೆದದ್ದು ತಮ್ಮ ಕಸುಬು. ಕೆಂಪು ಬಾವುಟದ ಹರಿದ ಮೂಲೆಯನ್ನು ಕತ್ತರಿಸಿ, ಬಾಗಿಲ ಪಕ್ಕದಲ್ಲಿ ಮಾಯಿಯ ಕೈಗೆ ಎಟುಕುವಂತೆ ಮೊಳೆ ಹೊಡೆದು ನೇತುಹಾಕಿದರು. ಬೇಲಿಯ ಹತ್ತಿರ ಎರಡು ಚಪ್ಪಟೆ ಕಲ್ಲು ಹಾಸಿದರು. ಕೆಂಪು ಬಟ್ಟೆ ಎತ್ತಿ ಹಿಡಿದರೆ ಅಪ್ಪ ಎಲ್ಲಿದ್ದರೂ ಓಡಿಬರುತ್ತಾನೆ, ಎತ್ತಿಕೊಂಡು ಆ ಕಲ್ಲಿನ ಮೇಲೆ ಕೂರಿಸುತ್ತಾನೆ. ಇದು ಕರಾರು.

"ನಂಗೆ ಗೊತ್ತಿರೋ ಬಾಸೆ ಅದೊಂದೇ ಸಾ. ಕೆಂಪು ತೋರ್ಸುದ್ರೆ ಎಲ್ಲಾರೂ ನಿಲ್ಲಬೇಕು."

ಕರಾರನ್ನು ಮಾಯಿ ಮೊದಲ ಸಲ ನಡೆಸಿಕೊಟ್ಟ ದಿನವೇ ನಮ್ಮ ಬಸ್ಸಿಗೆ ಸುದ್ದಿ ಬಂದದ್ದು. ಅವತ್ತು ಗೇಟು ದಾಟಿದ ಒಬ್ಬರಿಗೂ ಅದನ್ನು ಹೇಳದೆ ಬಿಟ್ಟಿಲ್ಲ. ಮಂಚಯ್ಯ ಮಡಿಲಲ್ಲಿದ್ದ ಬೆಲ್ಲದ ಚೂರು ಕೊಟ್ಟನಂತೆ. ಬಸವಲಿಂಗಮ್ಮ ಗೇಟಿನಾಚೆಯಿಂದಲೇ ಎರಡೂ ಕೈ ಎತ್ತಿ ಮಗುವಿಗೆ ದೃಷ್ಟಿ ತೆಗೆದರಂತೆ.

ಮುಂದಿನದನ್ನು ಹೇಳುವಾಗ ಚಲುವಯ್ಯ ಮನೆಯ ಕಡೆ ನೋಡುವುದಿಲ್ಲ, ಹಳಿ ನೋಡುತ್ತಾರೆ.

ಪುಷ್ಯದ ಒಂದು ಬೆಳಿಗ್ಗೆ. ಪ್ಯಾಸೆಂಜರ್ ರೈಲು ಬರುತ್ತಿತ್ತು. ಇವರು ಗೇಟಿನ ಹತ್ತಿರ ಹಸಿರು ಹಿಡಿದು ನಿಂತಿದ್ದರು. ಬೆನ್ನ ಹಿಂದೆ, ಹೊಸ್ತಿಲ ಮೇಲೆ, ಆಗತಾನೆ ನಿದ್ದೆಯಿಂದ ಎದ್ದ ಮಾಯಿ ಕೆಂಪು ಎತ್ತಿದಳು. ಅಪ್ಪ ನೋಡಲಿಲ್ಲ. ನೋಡಲಿ ಎಂದು ಇನ್ನೂ ಮುಂದೆ ಬಂದಳು, ಅಂಗಳಕ್ಕೆ, ಹಳಿಯ ಅಂಚಿಗೆ. ಅಪ್ಪ ನೋಡಲಿಲ್ಲ, ಇಂಜಿನ್ನಿನ ಡ್ರೈವರು ನೋಡಿದ.

ಬ್ರೇಕು ಕಿರುಚಿತು. ಇಡೀ ರೈಲು ಗೇಟಿನ ನಡುವೆ ಬಂದು ನಿಂತಿತು. ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಎರಡು ವರ್ಷ ದಾಟಿದ ಕೂಸು, ತೊಳೆದು ತೊಳೆದು ಬಿಳಿಚಿದ ಲಂಗ ಹಾಕಿಕೊಂಡು, ತಲೆಯ ಮೇಲೆ ಕೆಂಪು ಬಟ್ಟೆ ಹಿಡಿದು ರೈಲಿನ ಮುಂದೆ ನಿಂತಿದೆ.

"ಡ್ರೈವರು ಬಾಯಿಗೆ ಬಂದಂಗೆ ಬೈತಾ ಅವ್ರೆ, ಅತ್ಲಿಂದ ಗಾರ್ಡು ಓಡ್ ಬತ್ತಾ ಅವ್ರೆ. ನಾನು ಬಾವುಟ ಬಿಸಾಕಿ ಮಾಯೀನ ಎತ್ಕಂಡು ಕಲ್‌ತಾವ್ಕೆ ಓಡ್ದೆ."

"ಅವರಿಗೆ ಉತ್ತರ ಹೇಳದೇನೇ?"

"ಮತ್ತೆ? ಅವ್ಳು ಕೆಂಪು ತೋರ್ಸವ್ಳೆ ಸಾ. ನಾ ಓಗ್ದೇ ಇದ್ರೆ ನಾಳಿಂದ ಅವ್ಳು ಯಾಕ್ ತೋರ್ಸಾಳು?" ಮೆತ್ತಗೆ ಸೇರಿಸುತ್ತಾರೆ. "ಅಷ್ಟೆಲ್ಲ ಆದ್ರೂ ಲಂಗ ಒದ್ದೆ ಮಾಡ್ಕಂಡಿರ್ನಿಲ್ಲ."

ಇನ್‌ಸ್ಪೆಕ್ಟರು ಬಂದರು. ಕೆಟ್ಟ ಮನುಷ್ಯರಲ್ಲ. ಬಾವುಟದ ಮೂಲೆ ಎಲ್ಲಿ ಹೋಯಿತು ಎಂದು ಕೇಳಿ, ಕಥೆ ಕೇಳಿ ಮೊದಲು ನಕ್ಕರಂತೆ. ಆಮೇಲೆ ಬಾಗಿಲಿನಿಂದ ಹಳಿಯವರೆಗೆ ನಡೆದು ನೋಡಿ ಅವರ ನಗು ನಿಂತಿತು. "ಚಲುವಯ್ಯ, ಇವತ್ತು ಡ್ರೈವರಿಗೆ ಕಾಣಿಸಿತು, ರೈಲು ನಿಂತಿತು. ನಾಳೆ ನೀನು ಆ ಕಡೆ ಇರ್ತೀಯ, ಇವಳು ನಿನಗೆ ತೋರಿಸೋದಕ್ಕೆ ಹಳಿ ದಾಟ್ತಾಳೆ. ಆಗ ರೈಲು ನಿಲ್ಲಿಸೋರು ಯಾರು? ಮಗು ಇಲ್ಲಿರಕೂಡದು. ಮಗು ಇಲ್ಲೇ ಇರಬೇಕು ಅಂದ್ರೆ ನೀನು ಇಲ್ಲಿ ಇರಕೂಡದು."

ಚಲುವಯ್ಯ ಬಸ್ಸಿನ ಕಂಡಕ್ಟರ ಕೈಲಿ ಅರಕಲಗೂಡಿಗೆ ಹೇಳಿ ಕಳಿಸಿದರು.

"ಬಾ ಅಂತ ಯೋಳ್ ಕಳ್ಸ್ದೋನೂ ನಾನೇ ಸಾ. ಅಕ್ಕ ಬಂದ್ ಕೂತ್ ಮ್ಯಾಕೆ ಸುಳ್ ಯೋಳ್ದೋನೂ ನಾನೇ."

ಮಾರಮ್ಮ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ದು ಒಂದೇ ಮಾತು. "ಕಲ್ತವ್ಳಾ?"

"ಇಲ್ಲ ಕಣಕ್ಕ" ಎಂದರು ಚಲುವಯ್ಯ. "ಒಂದ್ಸಲ ತೋರ್ಸುದ್ರೆ ನಾಕ್ ಸಲ ಒದ್ದೆ ಮಾಡ್ಕತಾಳೆ. ನಿನ್ ಕೈಲಾಗಾಕಿಲ್ಲ ಬುಡು."

ಕೆಲಸ ಹೋದರೆ ಹೋಗಲಿ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಎಲ್ಲಾದರೂ ಕೂಲಿ ಮಾಡಿದರಾಯಿತು ಎಂದು ಅಷ್ಟು ಹೊತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಮಾರಮ್ಮ ನಿಟ್ಟುಸಿರು ಬಿಟ್ಟಳು. "ಅಂಗಾದ್ರೆ ನಾನೇನ್ ಮಾಡನ್ಲಾ? ಆ ಮುದುಕೀನ ಎಲ್ ಬಿಸಾಕನೆ?" ಎಂದು ಎದ್ದು ಸೆರಗು ಕೊಡವಿದಳು. ಬಸ್ಸಿಗೆ ಹೊರಡುವುದೊಂದೇ ಬಾಕಿ.

ಆಗ ಮಾಯಿ ಒಳಗಿನಿಂದ ಬಂದಳು. ಮೊಳೆಯಿಂದ ಬಟ್ಟೆ ತೆಗೆದುಕೊಂಡಳು. ಅಪ್ಪನ ಕಡೆ ಹೋಗದೆ ನೇರ ಮಾರಮ್ಮನ ಮುಂದೆ ಬಂದು ನಿಂತು, ಕತ್ತು ಎತ್ತಿ ಅವಳ ಮುಖ ನೋಡುತ್ತಾ ಕೆಂಪು ಬಟ್ಟೆ ಎತ್ತಿ ಹಿಡಿದಳು. ಅಪ್ಪನನ್ನು ಬಿಟ್ಟು ಇನ್ನೊಬ್ಬರಿಗೆ ಅವಳು ಅದನ್ನು ತೋರಿಸಿದ್ದು ಅದೇ ಮೊದಲು.

ಚಲುವಯ್ಯ ಕೂತಲ್ಲಿಂದ ಹಾರಿ ಎದ್ದರು. "ನೋಡ್ದಾ ಅಕ್ಕಾ! ನೋಡ್ದಾ! ನಿಂಗೇ ತೋರ್ಸ್ತಾ ಅವ್ಳೆ ಕಣೇ! ನಾ ಯೋಳ್‌ಕೊಟ್ಟಿಲ್ಲ, ತಾನಾಗೇ!"

ಹೇಳಿ ಮುಗಿದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು. ಮಾರಮ್ಮ ತಮ್ಮನನ್ನೇ ನೋಡಿದಳು. "ಸುಳ್ ಯಾಕ್ ಯೋಳ್ದೆ ಚಲುವಾ?" ಎಂದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮಗುವನ್ನು ಎತ್ತಿಕೊಂಡು ಎರಡು ಕಲ್ಲಿನ ಕಡೆ ನಡೆದಳು.

"ಇನ್ನೊಂದ್ ಗಳಿಗೆ ಬಾಯ್ ಮುಚ್ಕಂಡ್ ಕೂತಿದ್ರೆ ಕೂಸು ನಂತಾವೇ ಇರ್ತಿತ್ತು ಸಾ" ಎನ್ನುತ್ತಾರೆ ಚಲುವಯ್ಯ. "ತಡ್ಯಾಕಾಗ್ನಿಲ್ಲ. ಅಷ್ಟು ಖುಸಿ ಆಗೋಯ್ತು."

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಹೊರಟರು. ಹಾಸನದ ಕಡೆಯಿಂದ ಬಂದ ಬಸ್ಸು ಅಕ್ಕನನ್ನೂ ಮಗುವನ್ನೂ ಹತ್ತಿಸಿಕೊಂಡಿತು. ಆದರೆ ಮುಂದೆ ಹೋಗುವಂತಿರಲಿಲ್ಲ, ಗೂಡ್ಸ್ ರೈಲು ಬರುವುದಿತ್ತು, ಗೇಟು ಹಾಕಿತ್ತು. ಹಾಕಿದವರು ಚಲುವಯ್ಯನವರೇ. ಮಗಳು ಬಸ್ಸಿನ ಕಿಟಕಿಯಲ್ಲಿ, ಅಪ್ಪ ಗೇಟಿನ ಪಕ್ಕದಲ್ಲಿ ಹಸಿರು ಹಿಡಿದು. ಅಷ್ಟು ಉದ್ದದ ರೈಲು ಬೇಗ ಮುಗಿಯಬಾರದು ಎಂದು ಅವರಿಗೆ ಅವತ್ತು ಅನ್ನಿಸಿತಂತೆ. ಮುಗಿಯಿತು. ತಿರುಗಿ ನೋಡಿದರೆ ಕಿಟಕಿಯಿಂದ ಪುಟ್ಟ ಕೈಯೊಂದು ಹೊರಗೆ ಬಂದಿತ್ತು, ಕೈಯಲ್ಲಿ ಕೆಂಪು ಬಟ್ಟೆ.

"ಉಚ್ಚೆಗೋ, ಇಳ್ಸು ಅಂತ್ಲೋ, ನಿಮ್ಗೊತ್ತಾ ಸಾ? ನಂಗೂ ಗೊತ್ತಿಲ್ಲ. ಕೆಂಪು ತೋರ್ಸ್ತಾನೇ ಅವ್ಳೆ. ಡ್ರೈವರು ಆರ್ನ್ ಒಡೀತಾ ಅವ್ನೆ. ಡೂಟಿ ಮೇಲಿದ್ದೆ. ನಾನು ಗೇಟು ತಗ್ದೆ."

ಇಷ್ಟು ಹೇಳಿ ಎದ್ದು ಹೋಗಿ ಒಲೆ ಹಚ್ಚಿ, ಬೆಲ್ಲದ ಕಾಫಿ ಕಾಯಿಸಿ ತಂದು ಕೊಡುತ್ತಾರೆ. ನಾನು ಕುಡಿಯುತ್ತೇನೋ ಇಲ್ಲವೋ ಎಂದು ಲೋಟ ಇಳಿಸುವವರೆಗೂ ನೋಡುತ್ತಾರೆ.

ಕಾಫಿ ಆದ ಮೇಲೆ ಉಳಿದದ್ದನ್ನು ಹೇಳುತ್ತಾರೆ. ಸ್ವಲ್ಪ ದಿನಕ್ಕೇ ಅಕ್ಕನಿಂದ ದೂರು ಬಂತು. ಮಗು ದಿನಾ ಒದ್ದೆ ಮಾಡಿಕೊಳ್ಳುತ್ತಿದೆ, ನೀನು ಏನು ಕಲಿಸಿದೆಯೋ ಏನೋ ಎಂದು. ಚಲುವಯ್ಯನವರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಇನ್ನೊಂದು ಪಾಳಿಯ ಗೇಟ್‌ಮನ್ ಬೋರಪ್ಪನ ಕೈಕಾಲು ಹಿಡಿದು ಗೇಟು ಒಪ್ಪಿಸಿ, ಬಸ್ಸು ಹತ್ತಿ ಅರಕಲಗೂಡಿಗೆ ಹೋದರು. ಮಾರಮ್ಮ ಕೂಲಿಗೆ ಹೋಗಿದ್ದಳು. ಬಾಗಿಲು ತೆರೆದೇ ಇತ್ತು.

ಒಳಗೆ ಚಾಪೆಯ ಮೇಲೆ ಮುದುಕಿ ಮಲಗಿದ್ದಳು. ಅವಳ ತಲೆದೆಸೆಯಲ್ಲಿ ಮಾಯಿ ನಿಂತಿದ್ದಳು, ಕೆಂಪು ಬಟ್ಟೆ ಎತ್ತಿ ಹಿಡಿದುಕೊಂಡು. ಕಣ್ಣು ಕಾಣದ ಮುದುಕಿಗೆ ಮಗು ಅಲ್ಲಿ ನಿಂತಿರುವುದೇ ಗೊತ್ತಿಲ್ಲ. ಮಾಯಿಯ ಕಾಲ ಕೆಳಗೆ ನೆಲ ಆಗಲೇ ಒದ್ದೆಯಾಗಿತ್ತು. ಕೈ ಮಾತ್ರ ಇಳಿಸಿರಲಿಲ್ಲ.

"ಯಾರಪ್ಪಾ ಅದು, ಬಾಗ್ಲಾಗೆ ನಿಂತಿರೋರು?" ಎಂದಳಂತೆ ಮುದುಕಿ.

"ನಾನು ಕಣವ್ವ, ಚಲುವಯ್ಯ."

ಅಪ್ಪನ ದನಿ ಕೇಳಿ ಮಾಯಿ ತಿರುಗಿದಳು. ಓಡಿ ಬರಲಿಲ್ಲ, ಅಳಲಿಲ್ಲ. ಬಟ್ಟೆಯನ್ನು ಅವರ ಕಡೆಗೆ ಹಿಡಿದಳು, ಅಷ್ಟೆ.

"ಎತ್ಕಂಡ್ ಬಂದ್ಬುಡನೆ ಅನ್ನುಸ್ತು ಸಾ. ಬಾಗ್ಲು ತಂಕ ಬಂದಿದ್ದೆ ಕೂಡಾ. ಇನ್ಸ್‌ಪೆಟ್ರು ಯೋಳಿದ್ದು ಗ್ಯಾಪ್ನಕ್ಕೆ ಬಂತು. ಅಳಿ ಮೇಲೆ ಅವ್ಳು ಬಿದ್ದಿರೋದು ಕಣ್ಣಿಗ್ ಕಟ್ತು. ತಿರ್ಗಾ ಒಳೀಕ್ ಓದೆ."

ಒಳಗೆ ಹೋಗಿ ಮಗುವನ್ನು ತೊಳೆದು, ನೆಲ ಸಾರಿಸಿ, ಮತ್ತೆ ಮೊದಲಿನಿಂದ ಕಲಿಸಿದರು. ಬಟ್ಟೆಯನ್ನು ಎತ್ತಿ ಹಿಡಿಯುವುದಲ್ಲ, ಅಜ್ಜಿಯ ಕೈಯೊಳಗೆ ಇಡಬೇಕು. ಮಾಯಿ ಇಟ್ಟಳು. ಮುದುಕಿ ಬಟ್ಟೆಯನ್ನು ಬೆರಳಲ್ಲಿ ಹಿಚುಕಿ ನೋಡಿದಳು. "ಇದಾ? ನಾನಿಲ್ವಾ ಚಲುವಯ್ಯ, ಬಾಯಿ ಐತಲ್ಲ. ನೆರಮನೆಯೋರ್ನ ಕೂಗ್ತೀನಿ ಬುಡು" ಎಂದಳು. ಮಧ್ಯಾಹ್ನವೆಲ್ಲ ಅದನ್ನೇ ಆಟದ ಹಾಗೆ ಆಡಿಸಿದರು. ಮಾಯಿ ಕೈಗೆ ಬಟ್ಟೆ ಇಡುವುದು, ಮುದುಕಿ ಕೂಗುವುದು, ಪಕ್ಕದ ಮನೆಯ ಹೆಂಗಸು ನಗುತ್ತಾ ಬರುವುದು. ಆಟ ಸರಿಯಾಗಿ ಕೂಡಿತು ಎಂದು ಗೊತ್ತಾದ ಮೇಲೆ, ಮಗು ನಿದ್ದೆ ಹೋಗಿರುವಾಗ ಎದ್ದು ಬಂದರು.

ಬೇಸಿಗೆ ಬಂದಿದೆ, ಬೆಳಗಿನ ಚಳಿ ಮಾತ್ರ ಇನ್ನೂ ಬಿಟ್ಟಿಲ್ಲ. ಮೊನ್ನೆ ಬಸ್ಸಿನ ಕಂಡಕ್ಟರು ಒಂದು ಗಂಟು ಕೊಟ್ಟು ಹೋದನಂತೆ. ಬಿಚ್ಚಿದರೆ ಕೆಂಪು ಬಟ್ಟೆ. ಇದು ಇನ್ನು ಬೇಕಿಲ್ಲವಂತೆ, ಮಾಯಿಗೆ ಮಾತು ಬಂದಿದೆಯಂತೆ, ಬಾಯಲ್ಲೇ ಹೇಳುತ್ತಾಳಂತೆ.

"ಏನಂತ ಯೋಳ್ತಾಳೆ ಅಂತ ಕೇಳ್ದೆ ಸಾ. ಅವ್ನಿಗೇನ್ ಗೊತ್ತು ಪಾಪ, ಕಂಡಕ್ಟ್ರು" ಎಂದು ಚಲುವಯ್ಯ ಬಾವುಟದ ತೇಪೆಯನ್ನು ಮತ್ತೆ ಸವರುತ್ತಾರೆ. "ಇಲಾಖೆ ಬಟ್ಟೆ ಅಲ್ವಾ, ಎಲ್ಲಿಂದ ಕತ್ರಿಸಿದ್ನೋ ಅಲ್ಲಿಗೇ ಒಲ್ದೆ."

ಬೇಲಿಯ ಹತ್ತಿರ ಎರಡು ಚಪ್ಪಟೆ ಕಲ್ಲು ಇನ್ನೂ ಹಾಗೆಯೇ ಇವೆ. ಸುತ್ತ ಗರಿಕೆ ಬೆಳೆದಿದೆ, ಕಲ್ಲಿನ ಮೇಲೆ ಮಾತ್ರ ಒಂದು ಎಲೆ ಬಿದ್ದಿಲ್ಲ. ಗುಡಿಸುತ್ತೀರಾ ಎಂದು ನಾನು ಕೇಳುವುದಿಲ್ಲ. ಅವರು ನನ್ನನ್ನು ಕೇಳುತ್ತಾರೆ.

"ನಿಮ್ಗೆ ಇದ್ನ, ಉಚ್ಚೆ ತಿಳ್ಸೋದ್ನ, ಕಲ್ಸ್ದೋರು ಯಾರು ಸಾ?"

ನಾನು ತಡವರಿಸುತ್ತೇನೆ. ಅ ಆ ಇ ಈ ಕಲಿಸಿದ ಮೇಷ್ಟರ ಹೆಸರು ಗೊತ್ತು, ಈಜು ಕಲಿಸಿದ ಮಾವನ ಹೆಸರು ಗೊತ್ತು. "ಅಮ್ಮ ಇರಬೇಕು. ಅಜ್ಜಿಯೋ ಏನೋ. ನೆನಪಿಲ್ಲ."

"ಯಾರ್ಗೂ ಇರಾಕಿಲ್ಲ. ಅವ್ಳಿಗೂ ಇರಾಕಿಲ್ಲ. ಈ ಗೇಟೂ ಇರಾಕಿಲ್ಲ, ನಾನೂ ಇರಾಕಿಲ್ಲ." ಬೇಜಾರಿಗೆ ಹೇಳಿದ ಹಾಗೆ ಇಲ್ಲ, ಇರುವುದನ್ನು ಹೇಳಿದ ಹಾಗಿದೆ. "ಅಕ್ಕನ್ನ ಅವ್ವ ಅಂತಾಳಂತೆ ಈಗ. ಅನ್ಲಿ ಸಾ, ಒಳ್ಳೇದೇ. ಅಕ್ಕ ಅವ್ಳ್ನ ಇಸ್ಕೂಲಿಗೆ ಸೇರುಸ್ತೀನಿ ಅಂದವ್ಳೆ. ಓದೋದ ಕಲ್ತ್ ಮ್ಯಾಕೆ ನಿಮ್ ಪೇಪ್ರು ಅವ್ಳ ಕೈಗೆ ಸಿಕ್ಕುದ್ರೂ ಸಿಗ್‌ಬೌದು. ಗೇಟಿಂದು, ಗಾಡೀದು, ನನ್ ಕಷ್ಟ ಸುಖ ಅವೆಲ್ಲ ಬರ್ದ್ರೆ ಬರೀರಿ, ಬುಟ್ರೆ ಬುಡಿ. ಆ ಒಂದ್ ಮಾತು ಮಾತ್ರ ಬುಡ್‌ಬ್ಯಾಡಿ."

ದೂರದಲ್ಲಿ ಹಾಸನದ ಕಡೆಯಿಂದ ಕೂಗು ಕೇಳಿಸುತ್ತದೆ. ಚಲುವಯ್ಯ ಎದ್ದು ಹೋಗಿ ಗೇಟು ಹಾಕುತ್ತಾರೆ. ಹಸಿರು ಬಿಚ್ಚಿ ಹಿಡಿದು ನೆಟ್ಟಗೆ ನಿಲ್ಲುತ್ತಾರೆ. ಇಂಜಿನ್ನು ಶ್ಶ್ ಎಂದು ಹಬೆ ಬಿಡುತ್ತಾ ಹಾದುಹೋಗುತ್ತದೆ. ಕೊನೆಯ ಡಬ್ಬಿ ದಾಟುತ್ತಲೇ ಅವರು ತಿರುಗಿ ಹೊಸ್ತಿಲು ನೋಡುತ್ತಾರೆ.

ಮಾಯಮ್ಮ, ನೀನು ಇದನ್ನು ಓದುವ ಹೊತ್ತಿಗೆ ದೊಡ್ಡವಳಾಗಿರುತ್ತೀಯ. ನಿನಗೆ ಅದನ್ನು ಕಲಿಸಿದ್ದು ನಿಮ್ಮಪ್ಪ.